ಮಾತಿಗೆ ಮಾತು ಸಿಗುವ ಒಂದೂವರೆ ಗಂಟೆ
ಉಪನಗರಗಳ ಕನ್ನಡ ಮನೆಗಳಲ್ಲಿ ಮೊಬೈಲ್ ಕಸಿದುಕೊಂಡ ಹೊತ್ತು

ಸಂಜೆ ಏಳೂವರೆಯ ಸುಮಾರಿಗೆ ಕಲ್ಯಾಣ್ ಫಾಸ್ಟ್ ಲೋಕಲ್ ಡೊಂಬಿವಲಿ ನಿಲ್ದಾಣಕ್ಕೆ ಬಂದು ನಿಂತಾಗ ಇಳಿಯುವ ಜನಪ್ರವಾಹದಲ್ಲಿ ತುಳು-ಕನ್ನಡಿಗರೂ ಸಾಕಷ್ಟು ಮಂದಿ ಇರುತ್ತಾರೆ. ಬೆಳಗ್ಗೆ ಎಂಟರೊಳಗೆ ಮನೆ ಬಿಟ್ಟು ಫೋರ್ಟ್, ದಾದರ್, ಅಂಧೇರಿ ಕಡೆಯ ಕಚೇರಿಗಳಿಗೆ ಹೋದವರು ಅವರು. ರಿಕ್ಷಾದ ಸರತಿಯಲ್ಲಿ ನಿಂತು, ತರಕಾರಿ ಕೊಂಡು, ಮನೆ ಸೇರಿ ಕೈಕಾಲು ತೊಳೆದು ಊಟದ ತಟ್ಟೆಯ ಮುಂದೆ ಕುಳಿತಾಗ ಗಂಟೆ ಎಂಟೂವರೆ. ಮಕ್ಕಳು ಮಲಗುವುದು ಹತ್ತಕ್ಕೆ. ದಿನದ 24 ಗಂಟೆಗಳಲ್ಲಿ ಅಪ್ಪ, ಅಮ್ಮ, ಮಕ್ಕಳು, ಊರಿನಿಂದ ಬಂದ ಅಜ್ಜಿ ಇದ್ದರೆ ಅಜ್ಜಿ, ಹೀಗೆ ಎಲ್ಲರೂ ಒಂದೇ ಸೂರಿನಡಿ ಎಚ್ಚರವಾಗಿರುವ ಸಮಯ ಅದೊಂದೇ. ಹೆಚ್ಚೆಂದರೆ ಒಂದೂವರೆ ಗಂಟೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದಲ್ಲಿ ಹುಟ್ಟಿ ಬೆಳೆಯುವ ಕನ್ನಡದ ಮಗುವಿಗೆ ತಾಯ್ನುಡಿ ಕಿವಿಗೆ ಬೀಳುವುದು ಬಹುಮಟ್ಟಿಗೆ ಈ ಒಂದೂವರೆ ಗಂಟೆಯಲ್ಲೇ. ಉಡುಪಿಯ ಮಗುವಿಗೆ ಬಸ್ಸಿನ ಕಂಡಕ್ಟರ್ ಕನ್ನಡ ಕಲಿಸುತ್ತಾನೆ; ಧಾರವಾಡದ ಮಗುವಿಗೆ ಸಂತೆ, ಅಂಗಡಿ, ಓಣಿ ಕಲಿಸುತ್ತವೆ. ಇಲ್ಲಿಯ ಮಗುವಿನ ಶಾಲೆ ಇಂಗ್ಲಿಷ್ ಮಾಧ್ಯಮದ್ದು. ಮಹಾರಾಷ್ಟ್ರ ಸರಕಾರದ 2020ರ ಕಾಯಿದೆಯಂತೆ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಕರ್ಮಭೂಮಿಯ ಭಾಷೆ ಮಕ್ಕಳಿಗೆ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕಟ್ಟಡದ ಅಂಗಳದ ಆಟಕ್ಕೆ ಹಿಂದಿ. ಈ ಮೂರರ ನಡುವೆ ಕನ್ನಡಕ್ಕೆ ಉಳಿದ ಜಾಗ ಊಟದ ತಟ್ಟೆಯ ಸುತ್ತಲಿನ ನಾಲ್ಕಡಿ ಮಾತ್ರ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರ ಪಾಡೂ ಇದೇ.

ಆ ನಾಲ್ಕಡಿಯೊಳಗೆ ಇಂದು ಏನು ನಡೆಯುತ್ತಿದೆ? ಅಪ್ಪನ ಕೈಯಲ್ಲಿ ಕಚೇರಿಯ ಸಂದೇಶ, ಸಂಘದ ವಾಟ್ಸ್‌ಆ್ಯಪ್ ಗುಂಪಿನ ಶುಭಾಶಯಗಳ ಸಾಲು. ಅಮ್ಮನ ಕೈಯಲ್ಲಿ ರೀಲ್ಸ್. ದೊಡ್ಡವನ ಕಿವಿಯಲ್ಲಿ ಇಯರ್‌ಫೋನ್. ಚಿಕ್ಕದಕ್ಕೆ ಎದುರಿಗೆ ಕಾರ್ಟೂನ್ ಇಟ್ಟರೇ ತುತ್ತು ಇಳಿಯುವುದು. ಗೋಡೆಯ ಮೇಲೆ ಟಿವಿ ತನ್ನ ಪಾಡಿಗೆ ಮಾತಾಡುತ್ತಿರುತ್ತದೆ. ಜಗಳವಿಲ್ಲ, ಮನಸ್ತಾಪವಿಲ್ಲ, ಮಾತೂ ಇಲ್ಲ. ಇಂಥ ಮನೆಗಳು ಅಪರೂಪವೇನಲ್ಲ ಎಂಬುದನ್ನು ಓದುಗರು ತಮ್ಮ ಮನೆಯನ್ನೇ ನೋಡಿ ಹೇಳಬಲ್ಲರು.

ಸಾಂಗ್ಲಿಯ ಸೈರನ್, ಬೆಳಗಾವಿಯ ಪ್ರತಿಧ್ವನಿ

ಇದಕ್ಕೆ ಮದ್ದು ಹುಡುಕಿದವರು ಮಹಾನಗರದವರಲ್ಲ, ಹಳ್ಳಿಯವರು. ಸಾಂಗ್ಲಿ ಜಿಲ್ಲೆಯ ಕಡೇಗಾಂವ್ ತಾಲೂಕಿನಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿದೆ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠದ ನೆಪದಿಂದ ಮಕ್ಕಳ ಕೈಗೆ ಬಂದ ಮೊಬೈಲ್, ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ. ಮಕ್ಕಳ ಓದು ಬರಹ ಹಿಂದೆ ಬಿತ್ತು. ಆಗ ಊರ ಮಹಿಳೆಯರ ಸಭೆ ಸೇರಿಸಿ, 2022ರ ಆಗಸ್ಟ್ 15ರಿಂದ ಒಂದು ಕಟ್ಟುಪಾಡು ಜಾರಿಗೆ ತರಲಾಯಿತು. ಸಂಜೆ ಏಳಕ್ಕೆ ದೇವಸ್ಥಾನದ ಮೇಲಿನ ಸೈರನ್ ಕೂಗುತ್ತದೆ. ಕೂಡಲೇ ಮನೆಮನೆಯಲ್ಲೂ ಟಿವಿ ಬಂದ್, ಮೊಬೈಲ್ ಬದಿಗೆ. ಎಂಟೂವರೆಯವರೆಗೆ ಮಕ್ಕಳು ಪುಸ್ತಕ ಹಿಡಿಯಬೇಕು, ಹಿರಿಯರು ಜತೆಗಿರಬೇಕು.

ಮೊದಮೊದಲು ನಕ್ಕವರಿದ್ದರು. ಸೈರನ್ ಕೂಗಿದರೆ ಮೊಬೈಲ್ ಬಿಡುವವರುಂಟೇ ಎಂದವರಿದ್ದರು. ಅಂಗನವಾಡಿ ಸೇವಿಕೆಯರು, ಆಶಾ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ತಿಳಿ ಹೇಳಿದ ಬಳಿಕ ಊರು ಒಪ್ಪಿತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ವಡಗಾಂವ್ ಮೊಬೈಲನ್ನು ನಿಷೇಧಿಸಲಿಲ್ಲ. ದಿನದ ಇಪ್ಪತ್ತೆರಡೂವರೆ ಗಂಟೆಯನ್ನು ಅದಕ್ಕೇ ಬಿಟ್ಟುಕೊಟ್ಟು ಒಂದೂವರೆ ಗಂಟೆಯನ್ನು ಮಾತ್ರ ವಾಪಸು ಕೇಳಿತು. ಅದೂ ಒಬ್ಬೊಬ್ಬರೇ ಅಲ್ಲ, ಊರಿಗೆ ಊರೇ ಒಟ್ಟಾಗಿ ಕೇಳಿತು. ಪಕ್ಕದ ಮನೆಯ ಮಗುವೂ ಮೊಬೈಲ್ ಬದಿಗಿಟ್ಟಿದೆ ಎಂದಾದರೆ ನಮ್ಮ ಮನೆಯ ಮಗುವಿನ ಹಟ ಅರ್ಧ ಇಳಿಯುತ್ತದೆ.

ಈ ಉಪಕ್ರಮ ಗಡಿ ದಾಟಿ ಕನ್ನಡ ನಾಡಿಗೂ ಬಂತು. ಬೆಳಗಾವಿಯ ಸುವರ್ಣ ವಿಧಾನಸೌಧದ ಸಮೀಪದ ಹಲಗಾ ಗ್ರಾಮದವರು, ಸಾಂಗ್ಲಿ ಜಿಲ್ಲೆಯದೇ ಆದ ಅಗ್ರಣ ಧುಳಗಾಂವ್‌ನ ಮಾದರಿ ನೋಡಿ, 2024ರ ಡಿಸೆಂಬರ್‌ನಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಟಿವಿ, ಮೊಬೈಲ್ ಬದಿಗಿಡುವ ಕ್ರಮ ಆರಂಭಿಸಿದರು. ಅಲ್ಲಿಯೂ ಸೈರನ್, ಅಲ್ಲಿಯೂ ಮಕ್ಕಳ ಓದೇ ಮುಖ್ಯ ಉದ್ದೇಶ. ಹಳ್ಳಿಯವರಿಗೆ ಇದು ಪರೀಕ್ಷೆಯ ಅಂಕದ ಪ್ರಶ್ನೆ. ಡೊಂಬಿವಲಿ, ವಾಶಿಯ ಕನ್ನಡಿಗನಿಗೆ ಅದರ ಜತೆಗೆ ಭಾಷೆಯ ಪ್ರಶ್ನೆಯೂ ಹೌದು.

ಆಸೆಯಿಂದ ಕರೆದುಕೊಂಡ ಅತಿಥಿ

ಮೊಬೈಲನ್ನು ದೂರುವ ಮುನ್ನ ಹೊರನಾಡಿನವರು ಅದನ್ನು ಎಷ್ಟು ಆಸೆಯಿಂದ ಮನೆಗೆ ಕರೆದುಕೊಂಡರು ಎಂಬುದನ್ನೂ ನೆನಪಿಸಿಕೊಳ್ಳಬೇಕು. ಊರು ಬಿಟ್ಟು ಬಂದವನ ದೊಡ್ಡ ಹಸಿವು ಅನ್ನದ್ದಲ್ಲ, ಊರಿನ ದನಿಯದ್ದು. ಒಂದು ಕಾಲಕ್ಕೆ ಇನ್‌ಲ್ಯಾಂಡ್ ಪತ್ರ ಬರೆದು ಉತ್ತರಕ್ಕೆ ಹದಿನೈದು ದಿನ ಕಾಯಬೇಕಿತ್ತು. ಸಾವಿನ ಸುದ್ದಿ ತಂತಿಯಲ್ಲಿ ಬರುತ್ತಿತ್ತು. ಆ ತಂತಿ ಸೇವೆಯೂ 2013ರ ಜುಲೈಯಲ್ಲಿ ನಿಂತುಹೋಯಿತು. ಅದಕ್ಕೂ ಎಷ್ಟೋ ಮೊದಲೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ರಾತ್ರಿ ತಡವಾದಂತೆ ದರ ಇಳಿಯುತ್ತಿದ್ದ ಕಾರಣ ಊಟ ಮುಗಿಸಿ ಬೂತ್‌ನ ಮುಂದೆ ಸಾಲು ನಿಂತು, ಮೀಟರ್ ಮೇಲೆ ಒಂದು ಕಣ್ಣಿಟ್ಟು, ಊರಿನ ಪಕ್ಕದ ಮನೆಯ ಫೋನಿಗೆ ಕರೆ ಮಾಡಿ ಅಮ್ಮನನ್ನು ಕರೆಸಿ ಮಾತಾಡಿದವರು ಇಂದಿಗೂ ಅದನ್ನು ಮರೆತಿಲ್ಲ. ಆ ಮೂರು ನಿಮಿಷಗಳಲ್ಲಿ ಒಂದು ಮಾತೂ ವ್ಯರ್ಥವಾಗುತ್ತಿರಲಿಲ್ಲ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಆರಂಭದ ದಿನಗಳಲ್ಲಿ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು, ಬಂದ ಕರೆಗೂ ಹಣ ತೆರಬೇಕಿತ್ತು. 2003ರಲ್ಲಿ ಬರುವ ಕರೆ ಉಚಿತವಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಬಳಿಕ ಅಂತರ್ಜಾಲ ಅಗ್ಗವಾಗಿ, ಹೋಟೆಲಿನ ಮಾಣಿಯಿಂದ ಮಾಲಕರವರೆಗೆ ಎಲ್ಲರ ಅಂಗೈಗೆ ಬಂತು. 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡು ಮಂಗಳೂರಿಗೆ ಹೋಗುವ ದಾರಿ ಹತ್ತಿರವಾದಂತೆ, ಮೊಬೈಲ್‌ನಿಂದ ಊರಿನ ಮುಖವೇ ಹತ್ತಿರವಾಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಲೋಕಲ್ ಗಾಡಿಗಳೂ ನಿಂತಾಗ, ಊರಿಗೆ ಹೋಗಲಾಗದೆ ಹೆತ್ತವರ ಅಂತ್ಯಕ್ರಿಯೆಯನ್ನು ಇದೇ ಪುಟ್ಟ ಪರದೆಯಲ್ಲಿ ನೋಡಿ ಕೈಮುಗಿದವರಿದ್ದಾರೆ. ಆ ಉಪಕಾರವನ್ನು ಮರೆಯಲಾಗದು.

ವಿಪರ್ಯಾಸವೆಂದರೆ ದೂರದವರನ್ನು ಹತ್ತಿರ ತಂದ ಅದೇ ವಸ್ತು ಹತ್ತಿರದವರನ್ನು ದೂರ ಮಾಡಿತು. ಊರಿನ ಜಾತ್ರೆಯ ರಥ ಎಲ್ಲಿಗೆ ಬಂತು ಎಂದು ನೇರ ಪ್ರಸಾರದಲ್ಲಿ ನೋಡುವವರಿಗೆ ಎದುರು ಫ್ಲ್ಯಾಟಿನವರು ಆಸ್ಪತ್ರೆಯಲ್ಲಿರುವುದು ತಿಳಿದಿರುವುದಿಲ್ಲ.

ಟಿವಿ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು, ನಿಜ. ಆದರೆ 1987ರಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ‘ರಾಮಾಯಣ’ ಬರುತ್ತಿದ್ದಾಗ ಚಾಳಿನ ಹತ್ತು ಮನೆಯವರು ಒಂದೇ ಟಿವಿಯ ಮುಂದೆ ಸೇರುತ್ತಿದ್ದರು. ನಡುನಡುವೆ ಮಾತು, ಟೀಕೆ, ಮಕ್ಕಳ ಪ್ರಶ್ನೆ, ಹಿರಿಯರ ಉತ್ತರ ಎಲ್ಲವೂ ಇತ್ತು. ಇಂದು ಒಂದೇ ಮನೆಯ ನಾಲ್ವರು ನಾಲ್ಕು ಪರದೆಗಳಲ್ಲಿ ನಾಲ್ಕು ಬೇರೆ ಬೇರೆ ಕತೆ ನೋಡುತ್ತಾರೆ. ಒಬ್ಬರು ನಕ್ಕದ್ದು ಯಾಕೆಂದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ಲೋಕಲ್ ಗಾಡಿಯ ಕತೆಯೂ ಹಾಗೆಯೇ. ಕಲ್ಯಾಣ್‌ನಿಂದ ಸಿಎಸ್‌ಎಂಟಿಗೆ ಸುಮಾರು 54 ಕಿ.ಮೀ. ಹೋಗಿ ಬರುವುದರಲ್ಲೇ ಎರಡೂವರೆ ಗಂಟೆ ಕಳೆಯುತ್ತದೆ. ಈ ಹೊತ್ತಿನಲ್ಲಿ ತಾಳ ಹಿಡಿದು ಭಜನೆ ಹಾಡುವ ಮಂಡಳಿಗಳು, ದಸರೆಗೆ ಬೋಗಿಗೆ ತೋರಣ ಕಟ್ಟಿ ಪೂಜೆ ಮಾಡುವ ಗುಂಪುಗಳು, ರಾತ್ರಿಯ ಅಡುಗೆಗೆ ಕಾಯಿಪಲ್ಲೆ ಹೆಚ್ಚುತ್ತಾ ಸುಖದುಃಖ ಹಂಚಿಕೊಳ್ಳುವ ಮಹಿಳೆಯರು ಇಲ್ಲಿಯ ರೈಲಿಗೆ ಹೆಸರು ತಂದವರು. ಎಷ್ಟೋ ಮದುವೆ ಸಂಬಂಧಗಳು, ಎಷ್ಟೋ ಸಂಘಗಳ ಸದಸ್ಯತ್ವ ಕುದುರಿದ್ದು ಇದೇ ಬೋಗಿಗಳಲ್ಲಿ. ಇಂದು ಬೋಗಿಯಲ್ಲಿ ತಲೆಗಳೆಲ್ಲ ಬಾಗಿರುತ್ತವೆ. ದಿನವಿಡೀ ದುಡಿದವನು ಗಾಡಿಯಲ್ಲಿ ಸಿನಿಮಾ ನೋಡಿಕೊಂಡು ಹೋದರೆ ತಪ್ಪೆನ್ನುವಂತಿಲ್ಲ. ಆದರೆ ಗಾಡಿಯಲ್ಲಿ ಅಂಟಿದ ಚಟ ಮನೆಯ ಹೊಸ್ತಿಲನ್ನೂ ದಾಟಿ ಊಟದ ತಟ್ಟೆಯವರೆಗೆ ಬಂದಾಗ ತೊಂದರೆ ಶುರುವಾಗುತ್ತದೆ.

ಪರದೆ ಭಾಷೆ ಕಲಿಸುತ್ತದೆಯೇ?

‘ನಾವು ಮಗುವಿಗೆ ಕನ್ನಡ ಕಾರ್ಟೂನನ್ನೇ ಹಾಕಿಕೊಡುತ್ತೇವೆ, ಕನ್ನಡ ಬರುತ್ತದೆ’ ಎಂದು ಸಮಾಧಾನಪಟ್ಟುಕೊಳ್ಳುವ ಹೆತ್ತವರಿದ್ದಾರೆ. ಈ ಬಗ್ಗೆ ವಿಜ್ಞಾನಿಗಳು ನಡೆಸಿದ ಪ್ರಯೋಗಗಳು ಬೇರೆಯೇ ಮಾತು ಹೇಳುತ್ತವೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಲಾಯಿತು. ಒಟ್ಟು 12 ಬಾರಿ, ಪ್ರತಿಬಾರಿ 25 ನಿಮಿಷ. ಒಂದು ಗುಂಪಿನ ಶಿಶುಗಳ ಎದುರಿಗೆ ಮ್ಯಾಂಡರಿನ್ ಬಲ್ಲವರೇ ಕುಳಿತು ಆಟಿಕೆ ತೋರಿಸಿ, ಪುಸ್ತಕ ಓದಿ ಮಾತಾಡಿದರು. ಇನ್ನೊಂದು ಗುಂಪಿಗೆ ಅದೇ ಮಾತುಗಳ ವೀಡಿಯೊ ತೋರಿಸಲಾಯಿತು. ಎದುರಾಎದುರು ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಚೆನ್ನಾಗಿ ಗುರುತಿಸಿದವು. ವೀಡಿಯೊ ನೋಡಿದ ಶಿಶುಗಳು ಮ್ಯಾಂಡರಿನ್ ಕೇಳಿಯೇ ಇರದ ಶಿಶುಗಳಷ್ಟೇ ಹಿಂದುಳಿದಿದ್ದವು. ಭಾಷೆ ಅದೇ, ಹೊತ್ತು ಅಷ್ಟೇ. ಎದುರಿಗೆ ಮನುಷ್ಯ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಡಾ. ಡಿಮಿಟ್ರಿ ಕ್ರಿಸ್ಟಾಕಿಸ್ ತಂಡ 2009ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ನಾಲ್ಕು ವರ್ಷದವರೆಗಿನ ಮಕ್ಕಳ ಅಂಗಿಯಲ್ಲಿ ಪುಟ್ಟ ಧ್ವನಿಮುದ್ರಣ ಯಂತ್ರ ಇಟ್ಟು, ದಿನವಿಡೀ ಅವರ ಕಿವಿಗೆ ಬೀಳುವ ಮಾತುಗಳನ್ನು ಎಣಿಸಲಾಯಿತು. ಮನೆಯಲ್ಲಿ ಟಿವಿಯ ಸದ್ದು ಕೇಳುತ್ತಿದ್ದ ಪ್ರತಿ ಒಂದು ಗಂಟೆಗೆ, ಮಗು ಹಿರಿಯರ ಬಾಯಿಂದ ಕೇಳುವ ಪದಗಳಲ್ಲಿ ಸರಾಸರಿ 770 ಪದಗಳು ಕಡಿಮೆಯಾಗಿದ್ದವು. ಟಿವಿ ಮಾತಾಡಿದಷ್ಟು ಹೊತ್ತು ಮನೆಯವರು ಮೌನವಾಗುತ್ತಾರೆ ಎಂಬುದು ಇದರ ಸರಳ ಅರ್ಥ. ನಾಲ್ಕು ಭಾಷೆಗಳ ನಡುವೆ ಬೆಳೆಯುವ ಉಪನಗರದ ಮಗುವಿಗೆ ಹೀಗೆ ನಷ್ಟವಾಗುವ ಪದಗಳು ಇಂಗ್ಲಿಷಿನವಲ್ಲ, ಮರಾಠಿಯವೂ ಅಲ್ಲ. ಅವುಗಳನ್ನು ಶಾಲೆ ತುಂಬಿಕೊಡುತ್ತದೆ. ನಷ್ಟವಾಗುವುದು ಕನ್ನಡದ್ದು ಮಾತ್ರ.

ಮೂರನೆಯ ಪ್ರಯೋಗ 2014ರದ್ದು. ಎರಡು ವರ್ಷ ದಾಟಿದ ಮಕ್ಕಳಿಗೆ ಹೊಸ ಪದಗಳನ್ನು ಮೂರು ರೀತಿಯಲ್ಲಿ ಕಲಿಸಲಾಯಿತು: ಎದುರು ಕುಳಿತು, ನೇರ ವೀಡಿಯೊ ಕರೆಯಲ್ಲಿ ಮತ್ತು ಮೊದಲೇ ಚಿತ್ರೀಕರಿಸಿದ ವೀಡಿಯೊದಲ್ಲಿ. ಎದುರು ಕುಳಿತಾಗಲೂ ನೇರ ಕರೆಯಲ್ಲೂ ಮಕ್ಕಳು ಕಲಿತರು. ಚಿತ್ರೀಕರಿಸಿಟ್ಟ ವೀಡಿಯೊದಿಂದ ಕಲಿಯಲಿಲ್ಲ. ಊರಿನ ಅಜ್ಜಿಯೊಂದಿಗೆ ವೀಡಿಯೊ ಕರೆಯಲ್ಲಿ ಮಾತಾಡುವ ಮನೆಗಳಿಗೆ ಇದು ಸಂತೋಷದ ಸುದ್ದಿ. ಅಜ್ಜಿ ‘ಉಂಡ್ಯಾ ಮಗಾ?’ ಎಂದು ಕೇಳುತ್ತಾಳೆ, ಮಗು ಉತ್ತರ ಕೊಡುತ್ತದೆ, ಆ ಉತ್ತರಕ್ಕೆ ಅಜ್ಜಿ ನಗುತ್ತಾಳೆ. ಕಾರ್ಟೂನಿನ ಕರಡಿ ಎಷ್ಟು ಚೆಂದದ ಕನ್ನಡ ಆಡಿದರೂ ಮಗು ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಆದ್ದರಿಂದ ಪ್ರಶ್ನೆ ಮೊಬೈಲ್ ಬೇಕೋ ಬೇಡವೋ ಎಂಬುದಲ್ಲ. ಮಗುವಿನ ಮಾತಿಗೆ ಮಾತು ಕೊಡುವ ಮನುಷ್ಯ ಇದ್ದಾನೋ ಇಲ್ಲವೋ ಎಂಬುದೇ ಪ್ರಶ್ನೆ.

ಎಳೆಯ ಮಕ್ಕಳ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಸೂಚನೆ ನೀಡಿದೆ. ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದು. ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಅಂತರ್ಜಾಲದ ಗೀಳಿಗೆ ಸಿಲುಕಿದವರಿಗಾಗಿ ‘ಷಟ್’ ಎಂಬ ಹೆಸರಿನ ಚಿಕಿತ್ಸಾಲಯ 2014ರಲ್ಲಿ ಆರಂಭವಾಯಿತು. ಚಿಕಿತ್ಸೆಯ ಹಂತಕ್ಕೆ ಹೋಗುವ ಮನೆಗಳು ಕೆಲವೇ. ಗೀಳೆಂದು ಹೇಳಲಾಗದಿದ್ದರೂ ಮಾತು ನಿಂತಿರುವ ಮನೆಗಳು ಹಲವು.

ಜನಗಣತಿ ಹೇಳುವ ಮಾತು

2001ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 12.5 ಲಕ್ಷ ಮಂದಿ. 2011ರಲ್ಲಿ ಆ ಸಂಖ್ಯೆ ಸುಮಾರು 10 ಲಕ್ಷಕ್ಕೆ ಇಳಿಯಿತು. ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರದ ಗಡಿ ಕನ್ನಡಿಗರೂ ಇದರಲ್ಲಿ ಸೇರಿದ್ದಾರೆ. ತುಳುವರ ಲೆಕ್ಕ ಬೇರೆ. ರಾಜ್ಯದ ಒಟ್ಟು ಜನಸಂಖ್ಯೆ ಏರುತ್ತಿದ್ದ ಹತ್ತು ವರ್ಷಗಳಲ್ಲೇ ಕನ್ನಡದ ಸಂಖ್ಯೆ ಇಳಿಯಿತು ಎಂಬುದು ಸಂಘ-ಸಂಸ್ಥೆಗಳು ಯೋಚಿಸಬೇಕಾದ ವಿಷಯ.

ಈ ಇಳಿಕೆಗೆ ಮೊಬೈಲನ್ನು ಹೊಣೆ ಮಾಡುವಂತಿಲ್ಲ. ಆ ಹತ್ತು ವರ್ಷಗಳಲ್ಲಿ ಸ್ಮಾರ್ಟ್‌ಫೋನ್ ಮನೆಮನೆಗೆ ಬಂದೇ ಇರಲಿಲ್ಲ. ಕನ್ನಡ ಮಾಧ್ಯಮದ ಶಾಲೆಗಳಿಗೆ ಮಕ್ಕಳು ಸಿಗದಾದದ್ದು, ಹೊಸ ತಲೆಮಾರು ಬೇರೆ ಭಾಷೆಯನ್ನೇ ತನ್ನದೆಂದುಕೊಂಡದ್ದು, ಊರಿಗೆ ಮರಳಿ ಹೋದವರು, ಹೀಗೆ ಕಾರಣಗಳು ಹಲವಿರಬಹುದು. ಆದರೆ ಮೊದಲೇ ಸೋರುತ್ತಿದ್ದ ಕೊಡಕ್ಕೆ ಅನಂತರ ಇನ್ನೊಂದು ತೂತು ಬಿತ್ತು. ಶಾಲೆಯಿಂದ ಕನ್ನಡ ಹೋದಾಗ ಮನೆಯಾದರೂ ಉಳಿದಿತ್ತು. ಮನೆಯ ಆ ಒಂದೂವರೆ ಗಂಟೆಯೂ ಹೋದರೆ ಕನ್ನಡಕ್ಕೆ ಹಿಂದೆ ಸರಿದು ನಿಲ್ಲಲು ಬೇರೆ ಜಾಗವಿಲ್ಲ.

ರಾತ್ರಿ ಶಾಲೆಯ ಹೊತ್ತು

ಸಂಜೆ ಏಳರಿಂದ ಒಂಬತ್ತು ಎಂಬ ಈ ಹೊತ್ತು ಮುಂಬಯಿ ಕನ್ನಡಿಗರಿಗೆ ಹೊಸತೇನಲ್ಲ. ಹದಿಹರೆಯಕ್ಕೆ ಮುನ್ನವೇ ಊರು ಬಿಟ್ಟು ಬಂದು ಹೋಟೆಲುಗಳಲ್ಲಿ ಲೋಟ ತೊಳೆದ, ಕ್ಯಾಂಟೀನುಗಳಲ್ಲಿ ಚಹಾ ಹಂಚಿದ ಸಾವಿರಾರು ಹುಡುಗರು ದಿನದ ದುಡಿಮೆ ಮುಗಿಸಿ ಕನ್ನಡ ರಾತ್ರಿ ಶಾಲೆಗಳ ಬೆಂಚಿನಲ್ಲಿ ಕುಳಿತದ್ದು ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿ ಒಂದಿಡೀ ತಲೆಮಾರಿಗೆ ಅಕ್ಷರ ಕೊಟ್ಟವು. ಅಲ್ಲಿ ಕಲಿತವರು ವಕೀಲರಾದರು, ಲೆಕ್ಕ ಪರಿಶೋಧಕರಾದರು, ಸ್ವಂತ ಹೋಟೆಲು ತೆರೆದರು, ಸಂಘಗಳನ್ನು ಕಟ್ಟಿದರು. ಆ ಹುಡುಗರ ಬಳಿ ಇದ್ದದ್ದೂ ದಿನಕ್ಕೆ ಎರಡು ಗಂಟೆಯ ಬಿಡುವು ಮಾತ್ರ.

ಕತೆಗಾರ ಯಶವಂತ ಚಿತ್ತಾಲರು (1928-2014) ಇದೇ ಮಹಾನಗರದಲ್ಲಿ ಪ್ಲಾಸ್ಟಿಕ್ ಉದ್ಯಮದ ಕಂಪನಿಯಲ್ಲಿ ತಂತ್ರಜ್ಞರಾಗಿ ಪೂರ್ಣಾವಧಿ ದುಡಿಯುತ್ತಲೇ ‘ಶಿಕಾರಿ’ (1979)ಯಂಥ ಕಾದಂಬರಿ ಬರೆದರು. ತಂತ್ರಜ್ಞಾನ ಅವರ ವೃತ್ತಿಯಾಗಿತ್ತು. ಕಚೇರಿ ಬಿಟ್ಟ ಮೇಲಿನ ಹೊತ್ತು ಅವರ ಸ್ವಂತದ್ದಾಗಿ ಉಳಿದಿತ್ತು.

ಈ ಉಪನಗರಗಳ ಮಣ್ಣಿಗೂ ಓದಿನ ಗುಣವಿದೆ. ಕಲ್ಯಾಣ್‌ನ ಸಾರ್ವಜನಿಕ ವಾಚನಾಲಯ 1864ರಷ್ಟು ಹಳೆಯದು. ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದ್ದು. ಡೊಂಬಿವಲಿಯಲ್ಲಿ 1986ರಲ್ಲಿ ಶುರುವಾದ ಪೈ ಫ್ರೆಂಡ್ಸ್ ಲೈಬ್ರರಿ, ಓದಿದ ಪುಸ್ತಕ ತಂದುಕೊಟ್ಟು ಬೇರೆ ಪುಸ್ತಕ ಒಯ್ಯುವ ವಿನಿಮಯ ಮೇಳಗಳನ್ನು ನಡೆಸಿ ಜನಮನ್ನಣೆ ಪಡೆದಿದೆ. ಮರಾಠಿಗರು ತಮ್ಮ ಸಂಜೆಯನ್ನು ಉಳಿಸಿಕೊಳ್ಳಲು ಮಾಡುವ ಇಂಥ ಪ್ರಯತ್ನಗಳು ಅವರ ನೆರೆಯಲ್ಲಿ ಬಾಳುವ ಕನ್ನಡಿಗರಿಗೂ ಮಾದರಿ.

ಸಂಘದ ಸಭಾಗೃಹದಲ್ಲಿ

ಮನೆಯಲ್ಲಿ ಆದದ್ದೇ ಸಂಘಗಳಲ್ಲೂ ಆಗಿದೆ. ಹಿಂದೆ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಹಿಡಿದು ಪದಾಧಿಕಾರಿಗಳು ಇಬ್ಬಿಬ್ಬರಾಗಿ ಮನೆಮನೆಗೆ ಹೋಗುತ್ತಿದ್ದರು. ಒಂದು ಲೋಟ ಕಾಫಿ, ಅರ್ಧ ಗಂಟೆ ಮಾತು. ಮಗಳ ಓದು, ಮಗನ ಕೆಲಸ, ಊರಿನ ಜಾಗದ ತಕರಾರು ಎಲ್ಲವೂ ಆ ಮಾತಿನಲ್ಲಿ ಬರುತ್ತಿತ್ತು. ಬಾಗಿಲ ಸಂದಿಯಲ್ಲಿ ನಿಂತ ಮಗುವಿಗೆ, ತನ್ನ ಮನೆಯಾಚೆಗೂ ಕನ್ನಡ ಮಾತಾಡುವವರಿದ್ದಾರೆ ಎಂಬುದು ತಿಳಿಯುತ್ತಿತ್ತು. ಈಗ ಆಮಂತ್ರಣ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕ್ಷಣದಲ್ಲಿ ಐನೂರು ಮಂದಿಗೆ ತಲುಪುತ್ತದೆ. ಖರ್ಚು ಉಳಿಯಿತು, ಶ್ರಮ ಉಳಿಯಿತು. ಐನೂರು ಮಂದಿ ಕೈಮುಗಿದ ಚಿತ್ರ ಕಳುಹಿಸಿದರೂ ಸಭಾಗೃಹದ ಹಿಂದಿನ ಸಾಲುಗಳು ಖಾಲಿ ಉಳಿಯುತ್ತವೆ ಎಂಬ ಕೊರಗು ಮಾತ್ರ ಪದಾಧಿಕಾರಿಗಳದ್ದು.

ಬಂದವರಾದರೂ ನೋಡುತ್ತಾರೆಯೇ? ವೇದಿಕೆಯಲ್ಲಿ ಮಗು ಕಷ್ಟಪಟ್ಟು ಬಾಯಿಪಾಠ ಮಾಡಿದ ಕನ್ನಡ ಹಾಡು ಹೇಳುತ್ತಿದ್ದರೆ, ಕೆಳಗೆ ಅದರ ಅಪ್ಪ ಅಮ್ಮ ಇಬ್ಬರೂ ಮೊಬೈಲ್ ಎತ್ತಿ ಹಿಡಿದು ಚಿತ್ರೀಕರಿಸುತ್ತಿರುತ್ತಾರೆ. ಮಗುವಿಗೆ ಕಾಣುವುದು ಅವರ ಮುಖವಲ್ಲ, ಫೋನಿನ ಬೆನ್ನು. ಹಾಡು ಮುಗಿದಾಗ ಚಪ್ಪಾಳೆ ತಟ್ಟಲು ಕೈ ಬಿಡುವಿರುವುದಿಲ್ಲ. ಚಿತ್ರೀಕರಿಸಿದ್ದನ್ನು ಮತ್ತೊಮ್ಮೆ ನೋಡುವವರು ಎಷ್ಟು ಮಂದಿ?

ನಗರಕ್ಕೆ ಒಗ್ಗುವ ಸೈರನ್

ವಡಗಾಂವ್‌ನ ಏಳು ಗಂಟೆಯ ಸೈರನ್ ಇಲ್ಲಿಗೆ ಒಗ್ಗದು. ಆ ಹೊತ್ತಿಗೆ ಇಲ್ಲಿಯ ಮನೆಯೊಡೆಯ ಮುಂಬ್ರಾ-ದಿವಾ ನಡುವೆ ಬಾಗಿಲಲ್ಲಿ ನೇತಾಡುತ್ತಿರುತ್ತಾನೆ. ಹೋಟೆಲಿನವರು ಮನೆ ಸೇರುವಾಗ ನಡುರಾತ್ರಿ. ಐರೋಳಿ, ಮಹಾಪೆಯ ಐಟಿ ಕಂಪನಿಗಳ ಯುವಕರಿಗೆ ಪಾಳಿಯ ಕೆಲಸ. ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ದುಡಿಯುವವರಿಗೆ ಬೆಳಗಾಗುವುದೇ ಉಳಿದವರ ನಡುರಾತ್ರಿಯಲ್ಲಿ. ಕಟ್ಟಡ ಕಾಮಗಾರಿಗೆಂದು ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಕುಟುಂಬಗಳ ದಿನಚರಿ ಇನ್ನೂ ಬೇರೆ. ಆದ್ದರಿಂದ ಎಲ್ಲರಿಗೂ ಒಂದೇ ಗಂಟೆ ಎಂಬ ನಿಯಮ ಸಾಧ್ಯವಿಲ್ಲ. ಪ್ರತಿ ಮನೆಯೂ ತನ್ನ ಗಂಟೆಯನ್ನು ತಾನೇ ಆರಿಸಿಕೊಳ್ಳಬೇಕು. ನೌಕರಿಯವರಿಗೆ ಅದು ರಾತ್ರಿ ಎಂಟೂವರೆಯಾದರೆ, ಹೋಟೆಲಿನವರಿಗೆ ಮಗು ಶಾಲೆಗೆ ಹೊರಡುವ ಮುನ್ನದ ಮುಕ್ಕಾಲು ಗಂಟೆಯೂ ಆಗಬಹುದು. ಗಂಟೆ ಯಾವುದಾದರೂ ಸರಿ, ಅದು ದಿನವೂ ಅದೇ ಆಗಿರಬೇಕು.

ಮೊದಲು ಬದಿಗೆ ಸರಿಯಬೇಕಾದದ್ದು ಹಿರಿಯರ ಫೋನ್. ತಾನು ಪರದೆ ನೋಡುತ್ತಾ ಮಗನಿಗೆ ಪುಸ್ತಕ ಹಿಡಿ ಎನ್ನುವ ಅಪ್ಪನ ಮಾತಿಗೆ ಬೆಲೆ ಬರುವುದಿಲ್ಲ. ಊರಿನ ಹಿರಿಯರಿಗೆ ಕರೆ ಮಾಡುವುದಿದ್ದರೆ ಆ ಹೊತ್ತಿನಲ್ಲೂ ಆಗಬಹುದು, ಆದರೆ ಮಕ್ಕಳೂ ಮಾತಾಡಬೇಕು. ಉಳಿದ ಹೊತ್ತಿನಲ್ಲಿ ವಿಶೇಷ ಕಾರ್ಯಕ್ರಮವೇನೂ ಬೇಕಾಗಿಲ್ಲ. ಈ ದಿನ ಗಾಡಿಯಲ್ಲಿ ಏನಾಯಿತು, ಶಾಲೆಯಲ್ಲಿ ಯಾರು ಬಿದ್ದರು, ಅಜ್ಜ ಮುಂಬಯಿಗೆ ಮೊದಲು ಬಂದಿಳಿದಾಗ ಎಲ್ಲಿ ಮಲಗಿದ್ದರು ಎಂಬ ಮಾತುಗಳೇ ಸಾಕು. ಬಸಳೆಯ ಸಾರಿಗೆ ಹುಳಿ ಹೆಚ್ಚಾಯಿತು ಎಂಬುದೂ ಕನ್ನಡ ಪಾಠವೇ.

ಸಂಘಗಳಿಗೂ ಇಲ್ಲಿ ಕೆಲಸವಿದೆ. ವಡಗಾಂವ್‌ನಲ್ಲಿ ಉಪಕ್ರಮ ನಿಂತದ್ದು ಸೈರನ್‌ನಿಂದಲ್ಲ, ಮನೆಮನೆಗೆ ಹೋದವರಿಂದ. ಶಾಲೆಯನ್ನೇ ಕಟ್ಟಿ ನಡೆಸುತ್ತಿರುವ ಡೊಂಬಿವಲಿ ಕರ್ನಾಟಕ ಸಂಘ, ಮಕ್ಕಳಿಗೆ ಕನ್ನಡ ಮತ್ತು ಸಂಸ್ಕೃತಿ ಕಲಿಸುತ್ತಾ ಬಂದಿರುವ ‘ಚಿಣ್ಣರ ಬಿಂಬ’ದಂಥ ಸಂಸ್ಥೆಗಳು, ಪ್ರತಿ ಉಪನಗರದಲ್ಲೂ ಇರುವ ಜಾತೀಯ ಹಾಗೂ ಪ್ರಾದೇಶಿಕ ಸಂಘಗಳ ಮಹಿಳಾ ವಿಭಾಗಗಳು, ಇವರಿಗೆಲ್ಲ ಮನೆಗಳ ಬಾಗಿಲು ಗೊತ್ತಿದೆ. ವಾರದ ಒಂದೆರಡು ಗಂಟೆಯ ಕನ್ನಡ ತರಗತಿ ಶ್ಲಾಘನೀಯವೇ. ಆದರೆ ತರಗತಿಯಲ್ಲಿ ಕಲಿತ ಅಕ್ಷರಕ್ಕೆ ಮನೆಯಲ್ಲಿ ಮಾತಿನ ಆಸರೆ ಸಿಗದಿದ್ದರೆ ಅದು ಮುಂದಿನ ವಾರಕ್ಕೆ ಮರೆತು ಹೋಗುತ್ತದೆ. ವಾರ್ಷಿಕೋತ್ಸವದ ಚಿತ್ರೀಕರಣವನ್ನು ಒಬ್ಬರಿಗೆ ವಹಿಸಿ, ಮಕ್ಕಳ ಕಾರ್ಯಕ್ರಮದ ಹೊತ್ತಿನಲ್ಲಾದರೂ ಉಳಿದವರ ಫೋನ್ ಚೀಲದಲ್ಲಿರುವಂತೆ ಮಾಡಬಹುದು. ಹಿರಿಯ ಸದಸ್ಯರ ಮನೆಗಾದರೂ ಆಮಂತ್ರಣ ಕೈಯಲ್ಲೇ ಕೊಡುವ ಕ್ರಮವನ್ನು ಮರಳಿ ತರಬಹುದು. ಒಂ‍ದು ಕಟ್ಟಡದಲ್ಲಿ ನಾಲ್ಕು ಕನ್ನಡ ಮನೆಗಳಿದ್ದರೆ ನಾಲ್ವರೂ ಒಂದೇ ಗಂಟೆಯನ್ನು ಆರಿಸಿಕೊಳ್ಳಲಿ. ಮಕ್ಕಳು ಒಬ್ಬರ ಮನೆಗೊಬ್ಬರು ಹೋಗಲು ಅಷ್ಟು ಸಾಕು.

ನವೆಂಬರ್ ಬಂತೆಂದರೆ ಉಪನಗರಗಳ ಸಭಾಗೃಹಗಳಲ್ಲಿ ರಾಜ್ಯೋತ್ಸವದ ಸಂಭ್ರಮ. ಕನ್ನಡ ಉಳಿಸಿ, ಬೆಳೆಸಿ ಎಂಬ ಕರೆ ಧ್ವನಿವರ್ಧಕದಲ್ಲಿ ಮೊಳಗುತ್ತದೆ. ಅದನ್ನು ಕೇಳಿ ಮನೆಗೆ ಹೋದ ಮೇಲೆ, ಅಜ್ಜಿಯ ಮಾತಿನ ನಡುವೆ ಬಂದ ಒಂದು ಪದ ಹಿಡಿದು ಮಗು ‘ಕಡೆಗೋಲು ಅಂದರೇನಜ್ಜಿ?’ ಎಂದು ಕೇಳುವ ಸಂದರ್ಭ ಬರುತ್ತದೆ. ಅಜ್ಜಿ ಹೇಳಲು ತೊಡಗಿದಾಗ ಅಪ್ಪ ಅಮ್ಮನೂ ಫೋನ್ ಕೆಳಗಿಟ್ಟು ಆಚೆಗೊಂದು ಈಚೆಗೊಂದು ಮಾತು ಸೇರಿಸಿದರೆ, ಆ ಪದ ಇನ್ನೊಂದು ತಲೆಮಾರಿನ ಮಟ್ಟಿಗೆ ಉಳಿಯಿತೆಂದೇ ಲೆಕ್ಕ.